ಸೆಟ್ಟೇ ಬದಲಾಯಿಸಬೇಕಂತೆ

"ಇದು ರಿಪೇರಿ ಆಗಲ್ಲ ಮೇಡಂ, ಸೆಟ್ಟೇ ಹಾಕ್ಬೇಕು." ಪವರ್ ವಿಂಡೋ ಕೆಟ್ಟು ಗಾಜು ಅರ್ಧಕ್ಕೇ ನಿಂತ ಹಳೆಯ ಕಾರನ್ನು ದೊಡ್ಡ ಸರ್ವಿಸ್ ಸೆಂಟರಿಗೆ ಒಯ್ದವರಿಗೆಲ್ಲ ಈ ಮಾತು ಗೊತ್ತು. ಹೇಳುವವರು ಬಾಗಿಲಿನ ಪ್ಯಾಡನ್ನು ಬಿಚ್ಚಿಯೂ ಇರುವುದಿಲ್ಲ. ಸ್ವಿಚ್ಚನ್ನು ಎರಡು ಸಲ ಒತ್ತುತ್ತಾರೆ, ಕಂಪ್ಯೂಟರಿನಲ್ಲಿ ಪಾರ್ಟ್ ನಂಬರು ಹುಡುಕುತ್ತಾರೆ, ಎಸ್ಟಿಮೇಟ್ ಕೈಗಿಡುತ್ತಾರೆ. ನನ್ನ ತಕರಾರು ಈ ಒಂದು ವಾಕ್ಯದ ಮೇಲೆ. ತಂತ್ರಜ್ಞಾನದ ಸತ್ಯದ ಹಾಗೆ ವೇಷ ಹಾಕಿಕೊಂಡು ಬರುವ ವ್ಯಾಪಾರದ ತೀರ್ಮಾನ ಅದು. "ರಿಪೇರಿ ಆಗಲ್ಲ" ಅಂದದ್ದನ್ನು "ನಾವು ಮಾಡಲ್ಲ" ಎಂದು ಓದಿಕೊಳ್ಳಬೇಕು.

ಅಷ್ಟಕ್ಕೂ ಬಾಗಿಲಿನ ಒಳಗೆ ಇರುವುದೇನು? 12 ವೋಲ್ಟಿನಲ್ಲಿ ಓಡುವ ಒಂದು ಸಣ್ಣ ಮೋಟಾರು, ಅದಕ್ಕೊಂದು ಗೇರು. ಬಹಳಷ್ಟು ಕಾರುಗಳಲ್ಲಿ ಗೇರಿಗೊಂದು ಡ್ರಮ್ಮು, ಡ್ರಮ್ಮಿಗೆ ಸುತ್ತಿದ ಉಕ್ಕಿನ ಕೇಬಲ್ಲು, ಕೇಬಲ್ಲು ಹಾಯುವ ಪ್ಲಾಸ್ಟಿಕ್ ರಾಟೆಗಳು, ಗಾಜನ್ನು ಹಿಡಿದುಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪು. ಗಾಜನ್ನು ಎತ್ತಿ ಇಳಿಸುವ ಈ ಜೋಡಣೆಗೆ ಕಂಪನಿಯವರು ರೆಗ್ಯುಲೇಟರ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ವಿಂಡೋ ಮಷೀನು. ಹಳೆಯ ಕಾರಿನಲ್ಲಿ ಸ್ವಿಚ್ಚು ಮಾಡುವುದು ಇಷ್ಟೇ: ಮೋಟಾರಿಗೆ ಹೋಗುವ ಕರೆಂಟಿನ ದಿಕ್ಕನ್ನು ತಿರುಗಿಸುವುದು. ಒಂದು ದಿಕ್ಕಿಗೆ ಗಾಜು ಏರುತ್ತದೆ, ಇನ್ನೊಂದಕ್ಕೆ ಇಳಿಯುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಕೆಡುವುದಕ್ಕೂ ಒಂದು ಕ್ರಮವಿದೆ. ಸ್ವಿಚ್ ಒತ್ತಿದಾಗ ಕಾರಿನೊಳಗಿನ ದೀಪ ತುಸು ಮಂಕಾಯಿತೇ? ಹಾಗಾದರೆ ಕರೆಂಟು ಮೋಟಾರಿನವರೆಗೆ ಹೋಗುತ್ತಿರಬೇಕು, ಎಲ್ಲೋ ಏನೋ ಸಿಕ್ಕಿಕೊಂಡಿದೆ. ಮೋಟಾರು ಗುಂಯ್ ಎಂದು ತಿರುಗಿಯೂ ಗಾಜು ಅಲ್ಲಾಡದಿದ್ದರೆ ಕೇಬಲ್ಲು ಕಿತ್ತಿದೆ, ಇಲ್ಲವೇ ಕ್ಲಿಪ್ಪು ಮುರಿದಿದೆ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು ನೋಡಬೇಕು, ಆಮೇಲೆ ಸ್ವಿಚ್ಚು, ಆಮೇಲೆ ಬಾಗಿಲಿಗೂ ಬಾಡಿಗೂ ನಡುವೆ ಇರುವ ರಬ್ಬರ್ ಕೊಳವೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅದರೊಳಗಿನ ವೈರುಗಳು ಬಾಗಿ ಬಾಗಿ, ಎಷ್ಟೋ ವರ್ಷಗಳ ನಂತರ ಒಳಗೊಳಗೇ ತುಂಡಾಗುತ್ತವೆ. ಬಾಗಿಲು ತೆರೆದಿದ್ದಾಗ ಕೆಲಸ ಮಾಡುವ ಕಿಟಕಿ ಮುಚ್ಚಿದಾಗ ಸುಮ್ಮನಾದರೆ ಅನುಮಾನ ಮೊದಲು ಅಲ್ಲಿಗೇ ಹೋಗಬೇಕು. ಗಾಜು ಏದುಸಿರು ಬಿಡುತ್ತಾ ಏರುತ್ತಿದ್ದರೆ ಎಷ್ಟೋ ಸಲ ಮೋಟಾರಿನದ್ದು ತಪ್ಪೇ ಇರುವುದಿಲ್ಲ. ಗಾಜು ಜಾರುವ ರಬ್ಬರ್ ಬೀಡಿಂಗಿನಲ್ಲಿ ಧೂಳು ಕೂತು ಗಟ್ಟಿಯಾಗಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆದರೆ ಮತ್ತೆ ಓಡುತ್ತದೆ. (ಎಂಜಿನ್ ಆಯಿಲ್ ಹಾಕಲು ಹೋಗಬೇಡಿ, ರಬ್ಬರು ಹಾಳಾಗುತ್ತದೆ.) ಮಕ್ಕಳು ಸ್ವಿಚ್ಚಿನ ಜೊತೆ ಆಡಿದ್ದರಂತೂ ಮೋಟಾರು ಬಿಸಿಯಾಗಿ ತಾನೇ ನಿಂತಿರಬಹುದು, ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ. ಇಷ್ಟು ಬೇರೆ ಬೇರೆ ಕಾಯಿಲೆಗೆಲ್ಲ ಒಂದೇ ಔಷಧಿಯೇ?

ನಮ್ಮ ಮನೆಯ ಹದಿಮೂರು ವರ್ಷದ ಕಾರಿಗೆ ಒಂದು ಸರ್ವಿಸ್ ಸೆಂಟರಿನವರು ಬರೆದುಕೊಟ್ಟ ಎಸ್ಟಿಮೇಟ್ 8,400 ರೂಪಾಯಿ. ಬಡಾವಣೆಯ ಗ್ಯಾರೇಜಿನವರು ರಬ್ಬರ್ ಕೊಳವೆ ಬಿಡಿಸಿ, ತುಂಡಾದ ವೈರಿಗೆ ಬೆಸುಗೆ ಹಾಕಿ, ಮೇಲೆ ಸ್ಲೀವು ಏರಿಸಿ 350 ರೂಪಾಯಿ ತೆಗೆದುಕೊಂಡರು. ಫೆಲೋಶಿಪ್ಪು ಯಾವ ತಿಂಗಳು ಬರುತ್ತದೋ ಗೊತ್ತಿಲ್ಲದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಹಣಕ್ಕಿಂತ ನನ್ನನ್ನು ಕಾಡುವುದು ಬೇರೆ. ಹೊಸ ಮೋಟಾರು, ಹೊಸ ಕೇಬಲ್ಲು ಹಾಕಿಸಿದ್ದರೂ ಆ ಕಿಟಕಿ ಏರುತ್ತಿರಲಿಲ್ಲ, ಏಕೆಂದರೆ ತುಂಡಾದ ವೈರು ಸೆಟ್ಟಿನೊಳಗೆ ಇರಲೇ ಇಲ್ಲ. ಅಂದರೆ ಆ ಎಸ್ಟಿಮೇಟ್ ಬರೆದದ್ದು ರೋಗ ಏನೆಂದು ನೋಡದೆ.

ಇದನ್ನು ಗ್ರಾಹಕರ ಗೊಣಗಾಟ ಎಂದು ತಳ್ಳಿಹಾಕುವವರು 2014ರ ಆಗಸ್ಟ್‌ಗೆ ಹೋಗಿ ಬರಲಿ. ಭಾರತೀಯ ಸ್ಪರ್ಧಾ ಆಯೋಗ ಆಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಇಟ್ಟುಕೊಂಡದ್ದು ಅಪರಾಧ ಎಂದಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಪೋರ್ಟಲ್ಲಿನಲ್ಲಿ ಕ್ಲಿಪ್ಪು ಸಿಗುವುದಿಲ್ಲ. ಬೆರಳುದ್ದದ ಪ್ಲಾಸ್ಟಿಕ್ ತುಂಡು ಮುರಿದರೆ ಅದನ್ನೊಂದನ್ನೇ ಕೊಡಿ ಎಂದು ಕೌಂಟರಿನಲ್ಲಿ ಕೇಳಿ ನೋಡಿ. ಬಿಡಿಯಾಗಿ ಬರಲ್ಲ ಎನ್ನುತ್ತಾರೆ. ಕೊನೆಗೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಬೇಕು. ನಮ್ಮ ಹಳೆಯ ಕಾರುಗಳನ್ನು ಓಡಿಸುತ್ತಿರುವುದು ಆ ಗುಜರಿ.

ಸುರಕ್ಷತೆಯ ಮಾತು ಎತ್ತುವವರಿದ್ದಾರೆ. ಅದರಲ್ಲಿ ಹುರುಳಿದೆ. ಏರುವ ಗಾಜಿಗೆ ಮಗುವಿನ ಕತ್ತು ಸಿಕ್ಕಿಕೊಳ್ಳಬಹುದು; ಒತ್ತಿದರೆ ಏರುವ ಸ್ವಿಚ್ಚಿನ ಬದಲು ಎಳೆದರೆ ಮಾತ್ರ ಏರುವ ಸ್ವಿಚ್ಚು ಬಂದದ್ದು ಮಗುವಿನ ಮೊಣಕಾಲು ಬಿದ್ದು ಗಾಜು ಏರದಿರಲಿ ಎಂದು. ಅಡ್ಡ ಸಿಕ್ಕಿದರೆ ತಾನೇ ಹಿಂದೆ ಸರಿಯುವ ಕಿಟಕಿಗಳಲ್ಲಿ ಅರೆಬರೆ ರಿಪೇರಿ ಅಪಾಯಕಾರಿಯೇ. ಹಾಗಿದ್ದರೆ ಸರಿಯಾದ ರಿಪೇರಿಯ ಕ್ರಮವನ್ನು ಎಲ್ಲ ಗ್ಯಾರೇಜುಗಳಿಗೂ ತಿಳಿಸಬೇಕಲ್ಲವೇ? ಮಾಹಿತಿಯನ್ನು ಬೀಗ ಹಾಕಿಟ್ಟು, ಆಮೇಲೆ ಹೊರಗಿನವರಿಗೆ ಏನೂ ಗೊತ್ತಿಲ್ಲ ಎಂದು ದೂರುವುದು ಯಾವ ನ್ಯಾಯ?

ಇನ್ನು ನಮ್ಮ ಕಡೆಯವರು, ಅಂದರೆ ಸಾಹಿತ್ಯ ವಿಭಾಗಗಳಲ್ಲಿ ಓದುವ, ಓದಿಸುವ ನಾವು. ದೇಶಿ ಜ್ಞಾನದ ಬಗ್ಗೆ ವರ್ಷಕ್ಕೆ ನಾಲ್ಕು ವಿಚಾರ ಸಂಕಿರಣ ಮಾಡುತ್ತೇವೆ. ಅದರಲ್ಲಿ ನೇಗಿಲು ಬರುತ್ತದೆ, ಕುಲುಮೆ ಬರುತ್ತದೆ. ಕ್ಯಾಂಪಸ್ಸಿನ ಗೇಟಿನಾಚೆ ಇರುವ ಗ್ಯಾರೇಜು ಬರುವುದಿಲ್ಲ. ಬಂದರೂ "ಜುಗಾಡ್" ಎಂಬ ಒಂದು ಪದಕ್ಕೆ ಸಿಕ್ಕಿಕೊಂಡು ಬರುತ್ತದೆ. ಆ ಪದ ನನಗೆ ಸಿಟ್ಟು ತರಿಸುತ್ತದೆ. ಮೋಟಾರಿನ ಸದ್ದು ಕೇಳಿ, ಟೆಸ್ಟ್ ಲ್ಯಾಂಪ್ ಹಿಡಿದು, ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ಹಂತ ಹಂತವಾಗಿ ಹುಡುಕಿದವರು ಮಾಡಿದ್ದು ಜುಗಾಡ್ ಹೇಗಾಗುತ್ತದೆ? ಅದೇ ಕೆಲಸವನ್ನು ಕೋಟು ಹಾಕಿಕೊಂಡು ಲ್ಯಾಬಿನಲ್ಲಿ ಮಾಡಿದ್ದರೆ ವಿಧಾನ ಎನ್ನುತ್ತಿದ್ದೆವು.

ಭಾಷೆಯ ವಿಷಯದಲ್ಲೂ ಜಾಣಮರೆವು. ಶಿವರಾಮ ಕಾರಂತರು 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ' ಬರೆದ ಭಾಷೆ ಇದು. ಇದೇ ಭಾಷೆಯಲ್ಲಿ ಗ್ಯಾರೇಜಿನ ಹುಡುಗರು ದಿನವಿಡೀ ಸರ್ಕೀಟು, ರಿಲೇ, ಅರ್ಥಿಂಗು ಎಂದು ಚರ್ಚಿಸುತ್ತಾರೆ. ಅವರ ಕೈಗೆ ಕನ್ನಡದಲ್ಲಿರುವ ಒಂದು ವೈರಿಂಗ್ ನಕ್ಷೆ ಕೊಡಬೇಕೆಂದು ಕನ್ನಡದ ಯಾವ ವೇದಿಕೆಯಲ್ಲೂ ಕೇಳಿದ್ದನ್ನು ನಾನು ಕಂಡಿಲ್ಲ. ಪದಕೋಶ ಮಾಡಲು ಹೊರಟವರು "ಮೋಟಾರು"ವಿಗೆ ಸಂಸ್ಕೃತದ ಪದ ಹುಡುಕುವುದು ಬಿಟ್ಟು ಗ್ಯಾರೇಜಿನಲ್ಲಿ ಒಂದು ವಾರ ಕೂತು ಕೇಳಿಸಿಕೊಳ್ಳಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದೂ ಇದೆ. ಬಾಗಿಲು ಬಿಚ್ಚಿ ತೋರಿಸದೆ ಕೊಟ್ಟ ಎಸ್ಟಿಮೇಟಿಗೆ ಒಪ್ಪಬೇಡಿ. ಕೆಟ್ಟಿರುವ ಭಾಗ ಯಾವುದು ಎಂದು ಬರೆಸಿಕೊಳ್ಳಿ. ಸೆಟ್ಟು ಬದಲಾಯಿಸಲೇಬೇಕಾಗಿ ಬಂದರೆ ತೆಗೆದ ಹಳೆಯದನ್ನು ಕೇಳಿ ಮನೆಗೆ ತನ್ನಿ. ಗ್ಯಾರೇಜಿನಲ್ಲಿ ಅದರ ಮೋಟಾರಿನ ಎರಡು ತುದಿಗೆ ಬ್ಯಾಟರಿ ಕೊಟ್ಟು ನೋಡಿಸಿ, ಬೆರಳು ಮಾತ್ರ ಕೇಬಲ್ಲಿನಿಂದ ದೂರ ಇರಲಿ. ಮೋಟಾರು ತಿರುಗಿ ರಾಟೆ, ಕ್ಲಿಪ್ಪೂ ಗಟ್ಟಿಯಾಗಿದ್ದರೆ, ಬಿಲ್ಲಿನ ಜೊತೆ ಅದನ್ನೂ ಹಿಡಿದುಕೊಂಡು ಅದೇ ಕೌಂಟರಿಗೆ ಹೋಗಿ ನಿಲ್ಲಿ.