ತಾಮ್ರದ ಕಾಯಿಲೆಗೆ ಔಷಧಿ ಉಂಟು, ನಮ್ಮೂರಲ್ಲಿ ಮಾತ್ರ ಇಲ್ಲ!

ಕಳೆದ ಸೋಮವಾರ ಬಸ್ ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿಯಲ್ಲಿ ಕಂಡದ್ದು. ಹಳ್ಳಿಯ ರೈತರೊಬ್ಬರು ಮಾಸಿದ ಚೀಟಿಯೊಂದನ್ನು ಮುಂದಿಟ್ಟರು. ಅಂಗಡಿಯ ಹುಡುಗ ಅರ್ಧ ಓದಿ ಪೆನಿಸಿಲಿನ್ ಮಾತ್ರೆ ತೆಗೆದ. ಪುಣ್ಯಕ್ಕೆ ಮಾಲೀಕರು ನೋಡಿದರು. "ಲೋ, ಅದು ಪೆನಿಸಿಲಿನ್ ಅಲ್ಲ ಕಣೋ, ಪೆನಿಸಿಲಮೈನ್!" ಎಂದು ಗದರಿಸಿ, "ಯಜಮಾನ್ರೇ, ಇದು ನಮ್ಮಲ್ಲಿಲ್ಲ. ಬೆಂಗಳೂರಿಂದ ತರಿಸ್ಬೇಕು, ನಾಲ್ಕು ದಿನ ಆಗುತ್ತೆ" ಎಂದರು. "ಮಗನ ಮಾತ್ರೆ ನಿನ್ನೇನೇ ಮುಗಿದೋಯ್ತು ಸ್ವಾಮಿ" ಎನ್ನುತ್ತಾ ಆ ತಂದೆ ಪಕ್ಕದ ಅಂಗಡಿಗೆ ನಡೆದರು. ಅಲ್ಲೂ ಇಲ್ಲ. ಅದರಾಚೆಯದರಲ್ಲೂ ಇಲ್ಲ.

ನಾಲ್ಕು ದಿನ ತಾನೇ, ಏನು ಮುಳುಗಿಹೋಯ್ತು ಎನ್ನುವವರು ಸ್ವಲ್ಪ ಕೇಳಿ.

ಆ ಹುಡುಗನಿಗಿರುವುದು ವಿಲ್ಸನ್ ಕಾಯಿಲೆ. ನಾವು ತಿನ್ನುವ ಅನ್ನ, ಬೇಳೆ, ಕಾಯಿಪಲ್ಯ ಎಲ್ಲದರಲ್ಲೂ ಚೂರುಪಾರು ತಾಮ್ರ ಇರುತ್ತದೆ. ಬೇಕಾದಷ್ಟು ಇಟ್ಟುಕೊಂಡು, ಮಿಕ್ಕಿದ್ದನ್ನು ಪಿತ್ತದ ಜೊತೆ ಹೊರಗೆ ಹಾಕುವುದು ಯಕೃತ್ತಿನ ಕೆಲಸ. ಈ ಕಾಯಿಲೆಯವರಲ್ಲಿ ಹುಟ್ಟಿನಿಂದಲೇ ಆ ಬಾಗಿಲು ಮುಚ್ಚಿದೆ. ತಾಮ್ರ ಮೊದಲು ಯಕೃತ್ತಿನಲ್ಲಿ, ಆಮೇಲೆ ಮೆದುಳಿನಲ್ಲಿ, ಕಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಕಾಮಾಲೆ ಬರುತ್ತದೆ, ಹೊಟ್ಟೆ ಊದುತ್ತದೆ. ಕೈ ನಡುಗುತ್ತದೆ, ನಾಲಿಗೆ ತೊದಲುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಮುತ್ತಿನಂಥ ಅಕ್ಷರ ಬರೆಯುತ್ತಿದ್ದ ಹುಡುಗನ ಬರಹ ಕೋಳಿ ಕೆದಕಿದಂತಾಗುತ್ತದೆ.

ಇಂಥವರು ಬಸ್ ಹತ್ತಿದರೆ "ಬೆಳಿಗ್ಗೆಯೇ ಹಾಕ್ಕೊಂಡು ಬಂದವ್ನೆ" ಎಂದು ನಾವೇ ಮೂಗು ಮುಚ್ಚಿಕೊಂಡು ದೂರ ಸರಿಯುತ್ತೇವೆ. ಮನೆಯವರು ದೆವ್ವ ಬಿಡಿಸಲು ಕರೆದೊಯ್ಯುತ್ತಾರೆ. ಇನ್ನು ಕೆಲವರು ಬರೀ ಕಾಮಾಲೆ ಎಂದು ಸೊಪ್ಪಿನ ರಸ ಕುಡಿಸುತ್ತಾರೆ. ವರ್ಷಗಳು ಹೀಗೇ ಕಳೆಯುತ್ತವೆ.

1912ರಲ್ಲಿ ವಿಲ್ಸನ್ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರಿಸಿದಾಗ ಇದಕ್ಕೆ ಮದ್ದಿರಲಿಲ್ಲ, ಬಂದವರು ಸಾಯುತ್ತಿದ್ದರು. 1956ರಲ್ಲಿ ಇಂಗ್ಲೆಂಡಿನ ಜಾನ್ ವಾಲ್ಶ್ ಎಂಬ ವೈದ್ಯರು ಪೆನಿಸಿಲಮೈನ್ ತಂದರು. ಇದು ಪೆನಿಸಿಲಿನ್ನಿನದೇ ಒಂದು ತುಂಡು, ಆದರೆ ಕ್ರಿಮಿ ಕೊಲ್ಲುವ ಔಷಧಿಯಲ್ಲ. ಇದರಲ್ಲಿ ಗಂಧಕ, ಜಲಜನಕದ ಒಂದು ಜೋಡಿ ಇದೆ, ಥಯಾಲ್ ಎನ್ನುತ್ತಾರೆ. ಆ ಜೋಡಿ ತಾಮ್ರವನ್ನು ಇಕ್ಕಳದಂತೆ ಹಿಡಿದು ಮೂತ್ರದಲ್ಲಿ ಹೊರಗೆ ಸಾಗಿಸುತ್ತದೆ. ಅಷ್ಟೇ ಕೆಲಸ. ಆ ಕೆಲಸದಿಂದ ಹಾಸಿಗೆ ಹಿಡಿದವರು ಎದ್ದು ಓಡಾಡಿದ್ದಾರೆ, ಶಾಲೆಗೆ ಹೋಗಿದ್ದಾರೆ, ಸಂಸಾರ ಮಾಡಿದ್ದಾರೆ. ಸಿಸ್ಟೀನ್ ಎಂಬ ಪದಾರ್ಥದಿಂದ ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವ ಇನ್ನೊಂದು ವಂಶಪಾರಂಪರ್ಯ ಕಾಯಿಲೆಗೂ ಇದನ್ನು ಕೊಡುವುದುಂಟು.

ಹಾಗಂತ ಇದು ಪೆಪ್ಪರ್‌ಮಿಂಟ್ ಅಲ್ಲ! ಮೊದಲ ವಾರಗಳಲ್ಲೇ ಜ್ವರ, ಮೈಮೇಲೆ ಗಂಧೆ ಏಳಬಹುದು. ಮೂತ್ರದಲ್ಲಿ ಪ್ರೋಟೀನ್ ಸೋರಬಹುದು, ರಕ್ತಕಣಗಳು ಇಳಿಯಬಹುದು. ನಡುಕ ಇದ್ದ ಕೆಲವರಿಗೆ ಆರಂಭದಲ್ಲಿ ಅದು ಇನ್ನಷ್ಟು ಜಾಸ್ತಿಯಾಗುವುದೂ ಉಂಟು. ಅದಕ್ಕೇ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ರಕ್ತ ಮೂತ್ರ ಪರೀಕ್ಷೆ ಮಾಡುತ್ತಾ ಏರಿಸುತ್ತಾರೆ. ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ಎರಡು ಗಂಟೆ ಆದಮೇಲೆ ನುಂಗಬೇಕು. ಕಬ್ಬಿಣಾಂಶದ ಮಾತ್ರೆ, ಗ್ಯಾಸ್ ಮಾತ್ರೆ ಜೊತೆಗೆ ಕೂಡದು. ಬಿ6 ಜೀವಸತ್ವವನ್ನೂ ಕೊಡುತ್ತಾರೆ. ಇದು ಒಗ್ಗದವರಿಗೆ ಟ್ರಯೆಂಟಿನ್, ಸತುವಿನ ಮಾತ್ರೆಗಳಿವೆ; ಬದಲಾಯಿಸುವುದು ವೈದ್ಯರ ಕೆಲಸ, ನಮ್ಮದಲ್ಲ.

ಎಲ್ಲಕ್ಕಿಂತ ಮುಖ್ಯ: ಈ ಚಿಕಿತ್ಸೆ ಬದುಕಿರುವಷ್ಟು ಕಾಲ. "ಮಗ ಗಟ್ಟಿಯಾದ, ಇನ್ಯಾಕೆ ಮಾತ್ರೆ?" ಎಂದು ನಿಲ್ಲಿಸಿದವರಲ್ಲಿ ಕೆಲವರ ಯಕೃತ್ತು ತಿಂಗಳುಗಳಲ್ಲೇ ಕೈಕೊಟ್ಟು ಪ್ರಾಣ ಹೋಗಿದೆ. ನಾಲ್ಕು ದಿನದ ಕಥೆಯೂ ಹಗುರವಲ್ಲ. ಕೆಲವು ದಿನ ಬಿಟ್ಟು ಮತ್ತೆ ಶುರುಮಾಡಿದರೂ ಮೈ ತಿರುಗಿಬಿದ್ದು ಗಂಧೆ, ಜ್ವರ ಬರಬಹುದು. ಆ ರೈತರು ಅಂಗಡಿಯಿಂದ ಅಂಗಡಿಗೆ ಸುಮ್ಮನೆ ಓಡುತ್ತಿರಲಿಲ್ಲ.

ಇನ್ನೊಂದು ಮಾತು. ತಂದೆ ತಾಯಿ ಇಬ್ಬರ ಕಡೆಯಿಂದಲೂ ದೋಷ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಅದರ ಸಂಭವ ಜಾಸ್ತಿ. ಒಬ್ಬರಿಗೆ ಬಂದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಲಕ್ಷಣ ಕಾಣುವ ಮೊದಲೇ ಪತ್ತೆಹಚ್ಚಿ ಮಾತ್ರೆ ಕೊಟ್ಟರೆ ಆ ಮಗು ಕಾಯಿಲೆ ಬೀಳದೆಯೇ ಬೆಳೆಯಬಹುದು. ಕಣ್ಣಿನ ಕಪ್ಪು ಗುಡ್ಡೆಯ ಅಂಚಿನಲ್ಲಿ ಕಂದು ಹಸಿರು ಉಂಗುರ ಇದೆಯೇ ಎಂದು ಕಣ್ಣಿನ ವೈದ್ಯರು ನೋಡಬೇಕು, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, ಮೂತ್ರದಲ್ಲಿ ತಾಮ್ರ ಅಳೆಯಬೇಕು.

ಹಾಗಾದರೆ ತಾಮ್ರದ ಚೊಂಬು ಎಸೆಯಬೇಕೇ ಎಂದು ಪಾತ್ರೆ ಅಂಗಡಿಯ ಗೆಳೆಯರು ಗಾಬರಿಯಾಗುವುದು ಬೇಡ. ಚೊಂಬಿನ ನೀರಿನಿಂದ ಈ ಕಾಯಿಲೆ ಬರುವುದಿಲ್ಲ. ಕಾಯಿಲೆ ಇದ್ದವರು ಮಾತ್ರ ಆ ನೀರು ಕುಡಿಯಬಾರದು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ತಾವು ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅಂದರೆ ಜ್ಞಾನ ನಮ್ಮ ರಾಜ್ಯದಲ್ಲೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಪೆನಿಸಿಲಮೈನ್ ಇದೆ. ಇಲ್ಲದಿರುವುದು ನಮ್ಮೂರ ಕಪಾಟಿನಲ್ಲಿ.

ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಊರಿಗೆ ಒಬ್ಬಿಬ್ಬರು ಕೊಳ್ಳುವ ಮಾಲನ್ನು ಯಾವ ವ್ಯಾಪಾರಿ ತರಿಸಿಟ್ಟು, ಅವಧಿ ಮುಗಿಸಿ ನಷ್ಟ ಮಾಡಿಕೊಳ್ಳುತ್ತಾನೆ? ವ್ಯಾಪಾರಕ್ಕೆ ಗಿಟ್ಟದ್ದನ್ನು ಮಾಡಲೆಂದೇ ಸರ್ಕಾರಿ ಆಸ್ಪತ್ರೆ ಇರುವುದು. ಜಿಲ್ಲೆಯಲ್ಲಿ ಈ ಕಾಯಿಲೆಯವರು ಎಷ್ಟು ಮಂದಿ ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಅವರಿಗೆ ಮೂರು ತಿಂಗಳ ಮಾತ್ರೆ ಸದಾ ದಾಸ್ತಾನಿರಲಿ. ಪರೀಕ್ಷೆಗಳು ಇಲ್ಲೇ ಆಗಲಿ. ಖರ್ಚು ಎಷ್ಟಾದೀತು ಸ್ವಾಮಿ? ಒಂದು ಉದ್ಘಾಟನೆಯ ಶಾಮಿಯಾನ, ಹಾರ ತುರಾಯಿಗಿಂತ ಜಾಸ್ತಿ ಆಗಲಾರದು.

ಆ ತಂದೆ ಅವತ್ತು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟರು. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜ್ ಹೋಯ್ತು, ಮಾತ್ರೆಯ ದುಡ್ಡು ಬೇರೆ. ಮುಂದಿನ ತಿಂಗಳೂ ಅವರು ಹೀಗೇ ಬಸ್ ಕಾಯಬೇಕೇ? ಜಿಲ್ಲಾ ಆರೋಗ್ಯಾಧಿಕಾರಿಗಳು ಉತ್ತರಿಸಲಿ.