ಸಾಮೆ ಬೆಳೆದ ಊರಿಗೆ ಗಿರಣಿಯೂ ಬೇಕು

ಪರಿಸರಕ್ಕೆ ಹಿತವಾದ ಊಟ ಯಾವುದೆಂದು ಕೇಳಿದರೆ ಸಿರಿಧಾನ್ಯ ಎಂಬ ಉತ್ತರ ಈಗ ಎಲ್ಲರ ಬಾಯಲ್ಲೂ ಇದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು, ಬೆಂಗಳೂರಿನಲ್ಲಿ ಮೇಳಗಳು ನಡೆದವು. ಆದರೂ ಸಾಮೆ, ನವಣೆ ಬೆಳೆಯಬಲ್ಲ ಹಳ್ಳಿಗಳಲ್ಲೇ ದಿನನಿತ್ಯ ಬೇಯುವುದು ಅಕ್ಕಿ. ಜನರ ನಾಲಿಗೆ ಕೆಟ್ಟಿತೆಂದು ದೂರುವುದು ಸುಲಭ. ನಿಜವಾದ ತೊಡಕಿರುವುದು ಕಾಳಿನ ಸಿಪ್ಪೆಯಲ್ಲಿ.

ರಾಗಿ, ಜೋಳವನ್ನು ಒಕ್ಕಿ ಹಸನು ಮಾಡಿದರೆ ನೇರ ಹಿಟ್ಟಿನ ಗಿರಣಿಗೆ ಒಯ್ಯಬಹುದು. ಸಾಮೆ, ನವಣೆ, ಹಾರಕ, ಬರಗು, ಊದಲು ಹಾಗಲ್ಲ. ಸಾಸಿವೆಗಿಂತ ತುಸು ದೊಡ್ಡದಾದ ಕಾಳಿಗೆ ಗಟ್ಟಿ ಹೊಟ್ಟು ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೆಂಗಸರು ಒರಳಿನಲ್ಲಿ ಕುಟ್ಟಬೇಕಿತ್ತು, ಮೊರದಲ್ಲಿ ಕೇರಬೇಕಿತ್ತು, ಹೊಟ್ಟು ಉಳಿದರೆ ಮತ್ತೆ ಕುಟ್ಟಬೇಕಿತ್ತು. ತೊಳೆದು ಒಲೆಗಿಡುವಂಥ ಅಕ್ಕಿ ನ್ಯಾಯಬೆಲೆ ಅಂಗಡಿಯಲ್ಲೇ ಸಿಗುವಾಗ, ಆ ದುಡಿಮೆಗೆ ಮರಳಿ ಎಂದು ಅವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ.

ಆದರೆ ಆ ಅಕ್ಕಿಗೆ ನೆಲ, ನೀರು ತೆರುವ ಬೆಲೆ ದೊಡ್ಡದು. ಒಂದು ಕಿಲೋ ಭತ್ತಕ್ಕೆ ಮಳೆ, ಕಾಲುವೆ ಎಲ್ಲ ಸೇರಿ ಸರಾಸರಿ 2,500 ಲೀಟರ್ ನೀರು ಬೇಕೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಸೂಕ್ಷ್ಮಜೀವಿಗಳು ಮೀಥೇನ್ ಉಗುಳುತ್ತವೆ. ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಹಲವು ಪಟ್ಟು ಮುಂದು. ಸಾಮೆಯೋ ಮಳೆ ನೀರಿನಲ್ಲೇ ಮೂರು ತಿಂಗಳ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ.

ಹತ್ತಿರದಲ್ಲಿ ಹೊಟ್ಟು ಬಿಡಿಸುವ ಗಿರಣಿ ಇಲ್ಲದಿದ್ದರೆ ಈ ಕಾಳು ದೂರದ ಊರಿಗೆ ಲಾರಿ ಹತ್ತುತ್ತದೆ. ತೌಡಿನಲ್ಲಿರುವ ಎಣ್ಣೆಯಂಶದಿಂದ ಕಾಳು ಬೇಗ ಕಮಟು ಹಿಡಿಯುವುದರಿಂದ, ಹೆಚ್ಚು ದಿನ ಬಾಳಲೆಂದು ಅದಕ್ಕೆ ಪಾಲಿಶ್ ಕೊಡುತ್ತಾರೆ. ನಾರು ಕಳೆದುಕೊಂಡ ಕಾಳು ಪೊಟ್ಟಣ ಸೇರಿ, ಬೆಳೆದವನ ಕೈಗೆಟುಕದ ಬೆಲೆಗೆ ಮಾರಾಟವಾಗುತ್ತದೆ.

ಬೇರೆ ದಾರಿ ಇದೆ ಎಂಬುದಕ್ಕೆ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮವೇ ಸಾಕ್ಷಿ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮಹಿಳೆಯರು ದೇಸಿ ಬೀಜಗಳ ಬ್ಯಾಂಕ್ ಕಟ್ಟಿದರು, ಸೌರಶಕ್ತಿಯಿಂದ ನಡೆಯುವ ಸಿರಿಧಾನ್ಯ ಸಂಸ್ಕರಣಾ ಘಟಕ ಹಾಕಿದರು. ಸುತ್ತಲಿನ ಹೊಲದ ಕಾಳು ಅಲ್ಲೇ ಹೊಟ್ಟು ಬಿಟ್ಟು ಅಡುಗೆಗೆ ಸಿದ್ಧವಾಗುತ್ತದೆ. 2025ರಲ್ಲಿ ಈ ಸಂಘಕ್ಕೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ನೀಡುವ ಈಕ್ವೇಟರ್ ಪ್ರಶಸ್ತಿ ಬಂತು.

ಸರ್ಕಾರ ಕೈ ಹಾಕಬೇಕಾದ್ದು ಇಲ್ಲೇ. ರಾಜ್ಯದ ರೈತಸಿರಿ ಯೋಜನೆಯಲ್ಲಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟದ್ದು ಒಳ್ಳೆಯ ಕೆಲಸ. ಆದರೆ ಬೆಳೆದ ಮೇಲೇನು? ಕೇಂದ್ರದ ಬೆಂಬಲ ಬೆಲೆ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆ ಇವೆ. ಸಾಮೆ, ನವಣೆಗೆ ಜಾಗವಿಲ್ಲ. ಸಿರಿಧಾನ್ಯ ಬೆಳೆಯುವ ಪ್ರತಿ ಹೋಬಳಿಯಲ್ಲೂ ಮಹಿಳಾ ಸಂಘಗಳ ಕೈಗೆ ಇಂಥದ್ದೊಂದು ಗಿರಣಿ ಕೊಡಬೇಕು. ಅಲ್ಲಿ ತಯಾರಾದ, ಪಾಲಿಶ್ ಮಾಡದ ಕಾಳನ್ನು ಅದೇ ತಾಲ್ಲೂಕಿನ ಅಂಗನವಾಡಿ, ಬಿಸಿಯೂಟ, ವಿದ್ಯಾರ್ಥಿನಿಲಯಗಳಿಗೆ ನ್ಯಾಯವಾದ ದರದಲ್ಲಿ ಖರೀದಿಸಬೇಕು. ವಾರಕ್ಕೆರಡು ಸಲ ಸಾಮೆ ಅನ್ನ ಬಡಿಸಿದರೂ ಗಿರಣಿಗೆ ಕೆಲಸ, ರೈತನಿಗೆ ಗೊತ್ತಾದ ಗಿರಾಕಿ ಸಿಗುತ್ತದೆ. ಮುಂದಿನ ಮುಂಗಾರಿಗೆ ಏನು ಬಿತ್ತಬೇಕೆಂದು ಅವನು ಲೆಕ್ಕ ಹಾಕುವುದು ಆ ಖರೀದಿಯ ಭರವಸೆಯ ಮೇಲೆಯೇ.