ಬ್ಯಾಗು ಅವರದು, ಕೈಯೂ ಅವರದೇ ಆಗಲಿ

ಸ್ಟೋಮಾ ಅನ್ನೋ ಪದವನ್ನ ನಮ್ಮಲ್ಲಿ ಹೆಚ್ಚಿನವರು ಮೊದಲ ಸಲ ಕೇಳೋದು ಆಪರೇಷನ್ ಹತ್ತಿರ ಬಂದಾಗ, ಸರ್ಜನ್ ಎದುರು ಕೂತು. ಕರುಳಿನ ಕ್ಯಾನ್ಸರ್ ಇರಲಿ, ಕರುಳು ತೂತಾಗಿರಲಿ, ಅಪಘಾತವೇ ಆಗಿರಲಿ, ಮಲ ಹೋಗುವ ದಾರಿಯನ್ನ ಹೊಟ್ಟೆಯ ಮೇಲೆ ಮಾಡಿದ ಒಂದು ಪುಟ್ಟ ಬಾಯಿಗೆ ತಿರುಗಿಸುತ್ತಾರೆ. ಆ ಬಾಯಿಯೇ ಸ್ಟೋಮಾ. ದೊಡ್ಡ ಕರುಳಿನದಾದರೆ ಕೊಲಾಸ್ಟಮಿ, ಸಣ್ಣ ಕರುಳಿನದಾದರೆ ಇಲಿಯಾಸ್ಟಮಿ, ಮೂತ್ರಕ್ಕಾದರೆ ಯುರಾಸ್ಟಮಿ. ಕೆಲವರಿಗೆ ಕೆಲವು ತಿಂಗಳು, ಕೆಲವರಿಗೆ ಜೀವನಪೂರ್ತಿ.

ಸಕ್ಕರೆ ಕಾಯಿಲೆಯವರ ಕಾಲಿನ ಆರೈಕೆ ಬಗ್ಗೆ ಹೋದ ಸಲ ಬರೆದಾಗ ಓದುಗರೊಬ್ಬರು ಕೇಳಿದ್ದರು: “ನಮ್ಮ ಮಾವನವರಿಗೆ ಹೊಟ್ಟೆಗೆ ಬ್ಯಾಗ್ ಹಾಕಿದ್ದಾರೆ. ಬದಲಾಯಿಸೋಕೆ ಮನೆಗೇ ಬರೋ ನರ್ಸ್ ಸಿಕ್ತಾರಾ ಮೇಡಂ?” ಸಿಗ್ತಾರೆ. ಆದರೆ ಸರ್ಜರಿ ವಾರ್ಡಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನನ್ನ ಪ್ರಶ್ನೆ ಬೇರೆ. ಮಾವನವರ ಕಣ್ಣು, ಕೈ ಚೆನ್ನಾಗಿದ್ದರೆ ಅವರೇ ಯಾಕೆ ಮಾಡಿಕೊಳ್ಳಬಾರದು? ಮೊದಮೊದಲು ನಾವೇ ಬದಲಾಯಿಸ್ತೀವಿ, ನಿಜ. ಆದರೆ ನಮ್ಮ ಅಸಲಿ ಕೆಲಸ ಕಲಿಸೋದು. ರೋಗಿಗೆ ನಮ್ಮ ಅಗತ್ಯವೇ ಇಲ್ಲದ ಹಾಗೆ ಮಾಡಿ ಕಳಿಸಿದರೆ ಆ ಕೆಲಸ ಮುಗಿದ ಹಾಗೆ.

ಈ ಕೆಲಸ ಆಪರೇಷನ್‌ಗೂ ಮುಂಚೆಯೇ ಶುರುವಾಗುತ್ತೆ. ರೋಗಿಯನ್ನ ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಹೊಟ್ಟೆಯ ಮಡಿಕೆಗಳು ಎಲ್ಲಿ ಬರ್ತಾವೆ ಅಂತ ನೋಡಿ ಪೆನ್ನಿನಲ್ಲಿ ಗುರುತು ಹಾಕ್ತೀವಿ. ಪಂಚೆ ಎಲ್ಲಿ ಸುತ್ತುತ್ತಾರೆ, ಲಂಗದ ಲಾಡಿ ಎಲ್ಲಿ ಬರುತ್ತೆ, ಚಕ್ಕಳಮಕ್ಕಳ ಹಾಕಿ ಕೂತಾಗ ಹೊಟ್ಟೆ ಹೇಗೆ ಮಡಚುತ್ತೆ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ಮುಖ್ಯವಾಗಿ ಆ ಜಾಗ ಅವರ ಕಣ್ಣಿಗೇ ಕಾಣಬೇಕು. ಕಾಣದ ಜಾಗವನ್ನ ಯಾರೂ ಸ್ವಂತವಾಗಿ ನೋಡಿಕೊಳ್ಳಲಾರರು. ತುರ್ತು ಆಪರೇಷನ್‌ನಲ್ಲಿ ಇದಕ್ಕೆಲ್ಲ ಸಮಯ ಸಿಗದೇ ಇರಬಹುದು. ಸಮಯ ಇದ್ದರೆ “ಗುರುತು ಹಾಕೋರು ಯಾರು?” ಅಂತ ನೀವೇ ಕೇಳಿ.

ಆಪರೇಷನ್ ಆದಮೇಲೆ ಹೆಚ್ಚಿನವರ ಮೊದಲ ಮಾತು, “ಸಿಸ್ಟರ್, ನೀವೇ ಮಾಡಿಬಿಡಿ, ನನಗೆ ನೋಡೋಕಾಗಲ್ಲ.” ಆಯ್ತು ಯಜಮಾನ್ರೇ, ಇವತ್ತು ಬರೀ ನೋಡಿ ಸಾಕು ಅಂತೀನಿ. ನಾಳೆ ಒದ್ದೆ ಬಟ್ಟೆಯಿಂದ ಒರೆಸಲಿ. ಆಮೇಲೆ ಬ್ಯಾಗ್ ಖಾಲಿ ಮಾಡಲಿ. ಮನೆಗೆ ಹೋಗೋದ್ರೊಳಗೆ ಒಂದು ಸಲವಾದರೂ ಅವರೇ ಬದಲಾಯಿಸಲಿ, ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿರ್ತೀನಿ. ಸ್ಟೋಮಾ ಕೆಂಪಗೆ, ಒದ್ದೆಯಾಗಿ, ನಮ್ಮ ಬಾಯಿಯ ಒಳಗಿನ ಹಾಗಿರುತ್ತೆ. ಮುಟ್ಟಿದರೆ ನೋವಾಗಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ.

ಜಾಸ್ತಿ ತೊಂದರೆ ಕೊಡೋದು ಸುತ್ತಲಿನ ಚರ್ಮ. ಇಲಿಯಾಸ್ಟಮಿಯಲ್ಲಿ ನೀರಾಗಿ ಬರುವ ಮಲದಲ್ಲಿ ಜೀರ್ಣರಸಗಳು ಇರ್ತಾವೆ. ಅದು ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಉರಿಯುತ್ತೆ. ಆದ್ದರಿಂದ ಅಂಟುವ ತಟ್ಟೆಯ ತೂತು ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಬೇಕು. ಮೊದಲ ಆರರಿಂದ ಎಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತೆ, ಹಾಗಾಗಿ ಆಗಾಗ ಅಳತೆ ನೋಡಿ ಕತ್ತರಿಸಬೇಕು. ತೊಳೆಯೋಕೆ ಬರೀ ನೀರು ಸಾಕು. ಡೆಟಾಲ್ ಬೇಡ, ಕೊಬ್ಬರಿ ಎಣ್ಣೆ ಬೇಡ, ಮುಖಕ್ಕೆ ಹಾಕೋ ಪೌಡರ್ ಬೇಡ. ಎಣ್ಣೆ ಪಸೆ ಇದ್ದ ಕಡೆ ತಟ್ಟೆ ಅಂಟಲ್ಲ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ತುಂಬೋವರೆಗೆ ಬಿಟ್ಟರೆ ಭಾರಕ್ಕೆ ಕಿತ್ತು ಬರುತ್ತೆ.

ಬ್ಯಾಗು ದುಬಾರಿ, ಒಪ್ಪುತ್ತೀನಿ. ಹಾಗಂತ ಸೋರುತ್ತಿರೋ ತಟ್ಟೆಗೆ ಪ್ಲಾಸ್ಟರ್ ಸುತ್ತಿ ಇನ್ನೆರಡು ದಿನ ಓಡಿಸೋಕೆ ಹೋದರೆ ಒಳಗೆ ಚರ್ಮ ಕಿತ್ತುಹೋಗುತ್ತೆ. ಒಸರುವ ಚರ್ಮದ ಮೇಲೆ ಮುಂದಿನ ಬ್ಯಾಗೂ ನಿಲ್ಲಲ್ಲ. ಉಳಿಸಿದ ಒಂದು ಬ್ಯಾಗಿಗೆ ನಾಲ್ಕು ಬ್ಯಾಗು ಖರ್ಚು.

ಅಂದ ಹಾಗೆ, ಈ ಬ್ಯಾಗಿನ ಹಿಂದೆಯೂ ಒಬ್ಬ ನರ್ಸ್ ಇದ್ದಾರೆ. ಡೆನ್ಮಾರ್ಕಿನ ಎಲಿಸೆ ಸೋರೆನ್‌ಸನ್ ಅವರ ಸಹೋದರಿ ಸ್ಟೋಮಾ ಆದಮೇಲೆ ಸೋರುವ ಭಯಕ್ಕೆ ಮನೆಯಿಂದ ಹೊರಗೇ ಹೋಗುತ್ತಿರಲಿಲ್ಲ. ಅದನ್ನು ನೋಡಲಾರದೆ ಎಲಿಸೆ 1954ರಲ್ಲಿ ಮೈಗೆ ಅಂಟಿಸಿ, ಬಳಸಿ ಎಸೆಯುವ ಬ್ಯಾಗಿನ ಯೋಚನೆ ಮಾಡಿದರು. ಅಮೆರಿಕದ ನಾರ್ಮಾ ಗಿಲ್ ಅಂತೂ ನರ್ಸ್ ಅಲ್ಲ, ಇಲಿಯಾಸ್ಟಮಿ ಆಗಿದ್ದ ರೋಗಿ. ಅವರಿಗೆ ಆಪರೇಷನ್ ಮಾಡಿದ ಡಾಕ್ಟರ್ ರೂಪರ್ಟ್ ಟರ್ನ್‌ಬುಲ್ 1958ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ಗೆ ಅವರನ್ನೇ ಕರೆಸಿ ಬೇರೆ ರೋಗಿಗಳಿಗೆ ಕಲಿಸೋ ಕೆಲಸ ಕೊಟ್ಟರು. ಇವತ್ತಿನ ಸ್ಟೋಮಾ ನರ್ಸಿಂಗ್ ಬೆಳೆದದ್ದು ಅಲ್ಲಿಂದಲೇ. ತನ್ನ ಬ್ಯಾಗನ್ನ ತಾನೇ ನೋಡಿಕೊಂಡವರೇ ನಮ್ಮ ಮೊದಲ ಗುರು.

ಮನೆಯವರ ಪ್ರೀತಿಯೂ ಒಮ್ಮೊಮ್ಮೆ ಅಡ್ಡ ಬರುತ್ತೆ. ಹೆಂಡತಿಯೋ ಸೊಸೆಯೋ ಎಲ್ಲಾ ಮಾಡಿಕೊಟ್ಟರೆ, ಅವರಿಲ್ಲದ ದಿನ ಇವರಿಗೆ ಬಸ್ ಹತ್ತೋಕೂ ಭಯ. ತಾನೇ ಮಾಡಿಕೊಳ್ಳೋದು ಗೊತ್ತಿಲ್ಲದ ತಾಯಿಯೊಬ್ಬರು ಮಗಳ ಸೀಮಂತಕ್ಕೆ ಹೋಗೋ ಮುಂಚೆ ಬ್ಯಾಗ್ ತುಂಬಬಾರದು ಅಂತ ಎರಡು ದಿನ ಊಟ, ನೀರು ಎರಡೂ ಬಿಟ್ಟಿದ್ದರು. ಸೀಮಂತದ ದಿನ ಅವರು ಇದ್ದದ್ದು ನಮ್ಮ ವಾರ್ಡಿನಲ್ಲಿ, ಡ್ರಿಪ್ ಹಾಕಿಸಿಕೊಂಡು. ಇಲಿಯಾಸ್ಟಮಿ ಇದ್ದವರ ಮೈಯಿಂದ ನೀರು, ಉಪ್ಪು ಎರಡೂ ಬೇಗ ಹೋಗುತ್ತೆ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಕುಡೀಬೇಕು, ತುಂಬಾ ನೀರಾಗಿ ಹೋಗ್ತಿದ್ದರೆ ಡಾಕ್ಟರಿಗೆ ಹೇಳಿ ಓಆರ್‌ಎಸ್ ತಗೋಬೇಕು. ಕೊಬ್ಬರಿ ಚೂರು, ಜೋಳದ ತೆನೆ, ಕಡಲೆಬೀಜ ನುಣ್ಣಗೆ ಅಗಿದು ತಿನ್ನಬೇಕು, ಇಲ್ಲದಿದ್ದರೆ ದಾರಿ ಕಟ್ಟಬಹುದು.

ಹೊರಡುವ ಮುಂಚೆ ಖಾಲಿ ಮಾಡಿ, ಕತ್ತರಿಸಿಟ್ಟ ತಟ್ಟೆ, ಒಂದು ಬ್ಯಾಗ್, ಮೆತ್ತನೆ ಬಟ್ಟೆ, ಒಂದು ಕವರ್ ಕೈಚೀಲದಲ್ಲಿ ಇಟ್ಟುಕೊಂಡರೆ ಮದುವೆಗೂ ಹೋಗಬಹುದು, ದೇವಸ್ಥಾನಕ್ಕೂ ಹೋಗಬಹುದು. ಸ್ನಾನಕ್ಕೂ ಅಡ್ಡಿಯಿಲ್ಲ, ಸ್ಟೋಮಾದಿಂದ ನೀರು ಒಳಗೆ ಹೋಗಲ್ಲ.

ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, ಒಳಗಿಂದ ರಕ್ತ ಬರುತ್ತಲೇ ಇದ್ದರೆ, ಏನೂ ಹೊರಬರದೆ ಹೊಟ್ಟೆನೋವು, ವಾಂತಿ ಶುರುವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ನರ್ಸ್‌ಗೆ ತೋರಿಸಿ. ಅದನ್ನ ಸಹಿಸಿಕೊಂಡು ಇರಬೇಕಾಗಿಲ್ಲ.

ಮಾವನವರಿಗೆ ನರ್ಸ್ ಖಂಡಿತ ಕರೆಸಿ. ಆದರೆ “ಮಾಡಿಕೊಡಿ” ಅನ್ನಬೇಡಿ, “ಕಲಿಸಿಕೊಡಿ” ಅನ್ನಿ. ಕಲಿಯುವಾಗ ನೀವು ಸ್ವಲ್ಪ ಹೊತ್ತು ಕೋಣೆಯಿಂದ ಆಚೆ ಇರಿ.